ಹೊಲ ಯಾರ ತಾಬೇದಾಗ

ಹಣಮಂತಪ್ಪ ಸಲಿಕೆ ಎತ್ತುವಷ್ಟರಲ್ಲಿ ಅವನ ತಮ್ಮ ವೈಜಿನಾಥ ಅರ್ಧ ತೋಡಿದ ಕುಣಿಯೊಳಗೆ ಇಳಿದು ನಿಂತ.

“ಇಲ್ಲಿ ಮಣ್ಣ ಮಾಡಗೊಡಂಗಿಲ್ಲ. ಹೊಲದ ಮ್ಯಾಲ ಕೋರ್ಟಿನ ಸ್ಟೇ ಅದ.”

“ಅಪ್ಪನ ಮಗ್ಗಲಕ ಅವ್ವನ್ನ ಇಡಲಿಕ್ಕೂ ಸ್ಟೇನಾ?”

“ನಾಳಿ ಇದೇ ಕುಣಿ ತೋರ್ಸಿ, ಹೊಲ ನನ್ನ ಕಬ್ಜಾದಾಗ ಅದ ಅಂತ ಹೇಳ್ತಿ. ನಂಗ ತಿಳಿಯಂಗಿಲ್ಲೇನು?”

ಬೇವಿನ ಮರದ ಕೆಳಗೆ ಅವ್ವನ ಮುಖಕ್ಕೆ ನೊಣ ಮುತ್ತದಂತೆ ಸೆರಗು ಬೀಸುತ್ತಿದ್ದ ಜನಾಬಾಯಿ ಎದ್ದು ಬಂದಳು. “ವೈಜಿ, ನಿನ್ನ ಕಾಲಿಗಿ ಬೀಳ್ತೇನಿ. ಮ್ಯಾಲ ಬಾ.”

“ಅಕ್ಕಾ, ನೀ ಸಾಯಗಾಂವಕ್ಕ ಲಗ್ನ ಮಾಡಿ ಕೊಟ್ಟಾಕಿ. ನಡುವ ಬರಬ್ಯಾಡ.”

ತಮ್ಮಂದಿರು ಚೆನ್ನಾಗಿರಲಿ ಎಂದು ಅವಳು ತನ್ನ ಪಾಲು ಬಿಟ್ಟುಕೊಟ್ಟಿದ್ದಳು. ಪಾಲಿನ ಜೊತೆ ಮಾತೂ ಹೋಗಿತ್ತು.

*

ಬರಗಾಲದ ವರ್ಷ ಕುರಿ ಮಾರಿ ಅಣ್ಣತಮ್ಮ ಇಬ್ಬರೂ ಹೈದರಾಬಾದಿಗೆ ದುಡಿಯಲು ಹೋದರು. ಅವ್ವ ಅಂಜನಾಬಾಯಿ ಮಾತ್ರ ತನ್ನ ಊರು ಎಕಂಬಾ ಬಿಡಲಿಲ್ಲ. ಮಳೆ ಬಿದ್ದ ಸುದ್ದಿ ಕೇಳಿ ಮೊದಲು ಬಂದ ಹಣಮಂತಪ್ಪ ಇಡೀ ಹೊಲಕ್ಕೆ ತೊಗರಿ ಬಿತ್ತಿದ. ತಡವಾಗಿ ಬಂದ ವೈಜಿನಾಥ ತನ್ನ ಪಾಲು ಕೇಳಿದ, ಅಣ್ಣ ಕೊಡಲಿಲ್ಲ, ತಮ್ಮ ಔರಾದಿನ ಕೋರ್ಟಿಗೆ ಹೋಗಿ ಸ್ಟೇ ತಂದ. ಅಂದಿನಿಂದ ಹೊಲದಲ್ಲಿ ಜಾಲಿ ಬೆಳೆಯಿತು.

ಅವ್ವನನ್ನೂ ಕಟಕಟೆಗೆ ಹತ್ತಿಸಿದರು. ಜನಾಬಾಯಿ ಬಾಗಿಲ ಬಳಿ ನಿಂತು ಕೇಳಿದ್ದಳು.

“ಹೊಲ ಯಾರ ತಾಬೆಯಲ್ಲಿದೆ, ಹೇಳಮ್ಮ,” ಅಂದರು ವಕೀಲರು.

“ನಮ್ಮ ಮಾಲಕ, ಈ ಹುಡುಗರ ಅಪ್ಪ, ಅಲ್ಲೇ ಮಣ್ಣಾಗ ಮಲಗ್ಯಾರ್ರಿ. ಅವರ ತಾಬೇದಾಗೇ ಅದ.”

ಕೋರ್ಟು ನಕ್ಕಿತು. ಹೊರಗೆ ಬಂದಮೇಲೆ ಇಬ್ಬರು ಮಕ್ಕಳೂ ಅವಳ ಮೇಲೆ ರೇಗಿದರು. ಬಸ್ಸಿನಲ್ಲಿ ಅವ್ವ ಮಗಳನ್ನು ಕೇಳಿದ್ದಳು: “ನಾ ತಪ್ಪು ಹೇಳ್ದೆನೇನ?”

*

ಬಿಸಿಲು ಏರಿತು. ಪಕ್ಕದ ಮನೆಯ ಅಬ್ದುಲ ಮಜೀದ ಸಮಾಧಾನಕ್ಕೆ ಬಂದ. “ಹಣಮಂತಪ್ಪ, ಈ ಕುಣಿಯಿಂದ ಹೊಲದ ಹಕ್ಕು ಕೇಳಂಗಿಲ್ಲ ಅಂತ ಒಂದು ಕಾಗದಕ್ಕ ಸಹಿ ಹಾಕ್ರಿ. ಹೆಣ ಕಾಯ್ಲಿಕ್ಕತ್ತದ.”

ವೈಜಿನಾಥ ಒಪ್ಪಿ ತಲೆಯಾಡಿಸಿದ. ಹಣಮಂತಪ್ಪನ ಕಣ್ಣು ಅವ್ವನ ಕಡೆ ಹೋಯಿತು. ಆಮೇಲೆ ಅವನು ದೂರ ಹೋಗಿ ವಕೀಲರಿಗೆ ಫೋನು ಮಾಡಿದ. ತಿರುಗಿ ಬಂದವನು ನೆಲ ನೋಡುತ್ತ ಹೇಳಿದ: “ಯಾವುದಕ್ಕೂ ಸಹಿ ಹಾಕಬ್ಯಾಡ ಅಂದಾರ.”

“ಅವರು ಅವ್ವನ್ನ ನೋಡ್ಯಾರೇನೋ?” ಜನಾಬಾಯಿ ಕೂಗಿದಳು.

ಕೊನೆಗೆ ಅಂಜನಾಬಾಯಿಯನ್ನು ನಾಲೆಯಾಚೆಯ ಸರಕಾರಿ ಜಾಗಕ್ಕೆ ಒಯ್ದರು. ಮೊರಮಿನ ಗಟ್ಟಿ ನೆಲ, ಮೊಣಕಾಲಿನಷ್ಟು ಆಳ ಅಗೆಯುವಷ್ಟರಲ್ಲಿ ಕಲ್ಲು ಹತ್ತಿತು. ಅಷ್ಟರಲ್ಲೇ ಮಲಗಿಸಿ, ಮೇಲೆ ಕಲ್ಲು ಪೇರಿಸಿದರು. ಅಣ್ಣತಮ್ಮಂದಿರು ಎದುರುಬದುರು ನಿಂತು ಮಣ್ಣು ಹಾಕಿದರು. ಇಬ್ಬರೂ ಅಳುತ್ತಿದ್ದರು.

ಊರಿಗೆ ಮರಳಿದಾಗ ಅಣ್ಣತಮ್ಮಂದಿರ ಎದುರುಬದುರಿನ ಎರಡೂ ಮನೆಗಳ ಬಾಗಿಲಲ್ಲಿ ದೀಪ ಹಚ್ಚಿದ್ದರು. ಕಾಲಿಗೆ ನೀರು ಕೊಡಲು ಎರಡೂ ಕಡೆ ಸೊಸೆಯಂದಿರು ಕೊಡ ಹಿಡಿದು ನಿಂತಿದ್ದರು. ಒಬ್ಬಳು “ಬರ್ರಿ ಅಕ್ಕಾ” ಅಂದಳು. ಇನ್ನೊಬ್ಬಳೂ ಅಂದಳು.

ಜನಾಬಾಯಿ ಬೀದಿಯ ನಡುವೆ ನಿಂತೇ ಇದ್ದಳು. ಆಗ ಮಜೀದನ ಹೆಂಡತಿ ಮಹಮೂದಾ ಬೇಗಂ ತನ್ನ ಮನೆಯಿಂದ ಚೆಂಬು ತಂದು, ಮಾತಾಡದೆ ಬಗ್ಗಿ, ಅವಳ ಮಣ್ಣುಗಾಲಿಗೆ ನೀರು ಸುರಿಯತೊಡಗಿದಳು.