ಗೌರಿ ಹಬ್ಬಕ್ಕೆ ಬರುತ್ತಿದ್ದ ಮೇಲ್

ನನ್ನ ತಮ್ಮ ಸೀನು ಹನ್ನೊಂದು ವರ್ಷದಿಂದ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಅಪ್ಪನ ತಿಥಿಗೆ ತಡವಾಗಿ ಬಂದನೆಂದು ನಾಲ್ಕು ಜನರ ಮುಂದೆ ಬೈದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಊಟ ಮಾಡದೆ ಎದ್ದು ಹೋದವನು ತಿರುಗಿ ಬರಲಿಲ್ಲ.

ಆದರೂ ಪ್ರತಿ ಗೌರಿ ಹಬ್ಬದ ಬೆಳಿಗ್ಗೆ ಅವನ ಮೇಲ್ ಬರುತ್ತಿತ್ತು. ಮೊರದ ಬಾಗಿನದ ಒಂದು ಫೋಟೊ, ಕೆಳಗೆ ‘ಅಕ್ಕ, ತವರಿನ ಬಾಗಿನ ತಗೋ’ ಎಂಬ ಒಂದೇ ಸಾಲು. ವರ್ಷವರ್ಷವೂ ಬೇರೆ ವಿಳಾಸದಿಂದ ಕಳಿಸುತ್ತಿದ್ದ, ಆಮೇಲೆ ಅದನ್ನು ಮುಚ್ಚಿಬಿಡುತ್ತಿದ್ದನೇನೋ. ‘ಮನೆಗೆ ಬಾರೋ’ ಎಂದು ನಾನು ಬರೆದ ಉತ್ತರವೆಲ್ಲ ತಲುಪದೆ ನನಗೇ ವಾಪಸ್ಸಾಗುತ್ತಿತ್ತು.

ಆ ಮೇಲ್ ಬರುತ್ತಿದ್ದ ವಿಳಾಸವೊಂದೇ ಅವನಿಗೆ ಗೊತ್ತಿದ್ದ ನನ್ನ ವಿಳಾಸ. ಪದ್ಮನಾಭನಗರದಲ್ಲಿ ನಾನು ಟ್ಯೂಷನ್ ಶುರು ಮಾಡಿದಾಗ ವರ್ಷವರ್ಷವೂ ಬಾಡಿಗೆ ಕಟ್ಟಿ ಉಳಿಸಿಕೊಳ್ಳಬೇಕಾದ ವೆಬ್‌ಸೈಟ್ ಹೆಸರುಗಳಿರುತ್ತವಲ್ಲ, ಅಂಥದ್ದರಲ್ಲಿ ‘ಗಣಿತ’ ಎಂಬುದನ್ನು ಕೊಂಡು, ಆ ಹೆಸರಿನಲ್ಲಿ ಮೇಲ್ ಮಾಡಿಕೊಟ್ಟವನು ಅವನೇ. ಆಮೇಲೆ ಮನೆ ಬದಲಾಯಿತು, ಫೋನ್ ನಂಬರು ಬದಲಾಯಿತು. ಟ್ಯೂಷನ್ನೂ ನಿಲ್ಲಿಸಿದೆ. ವರ್ಷಕ್ಕೆ ಎಂಟುನೂರು ಕಟ್ಟಿ ಆ ಹೆಸರನ್ನು ಮಾತ್ರ ಅವನಿಗಾಗಿ ಉಳಿಸಿಕೊಂಡಿದ್ದೆ.

ಈ ವರ್ಷ ಹಳೆಯ ಕಾರ್ಡ್ ರದ್ದಾಗಿ ಹಣ ತಾನಾಗಿ ಹೋಗಲಿಲ್ಲ. ಹೊಸದಾಗಿ ಕಟ್ಟಿ ಎಂದು ಸೂಚನೆ ಬಂದಾಗ ಆಷಾಢ. ಗೇಟಿಗೆ ಬಣ್ಣ ಹೊಡೆಸಲೂ ಶ್ರಾವಣ ಬರಲಿ ಎನ್ನುವ ಮನೆತನ ನಮ್ಮದು. ಗಡುವಿದೆಯಲ್ಲ ಎಂದು ಸುಮ್ಮನಾದೆ. ಶ್ರಾವಣದ ಮೊದಲ ಶುಕ್ರವಾರ ಹಳೆಯ ಶಿಷ್ಯೆ ಮೈತ್ರೇಯಿಯನ್ನು ಕೂರಿಸಿಕೊಂಡು ಕಟ್ಟಲು ಹೋದರೆ, ಗಡುವು ಮುಗಿದು ಹೆಸರು ಕೈತಪ್ಪಿಹೋಗಿತ್ತು.

“ಬೇರೆ ಯಾರೂ ತಗೊಂಡಿಲ್ಲ ಮಿಸ್. ಆದ್ರೆ ಪ್ರೀಮಿಯಂ ಮಾಡಿಬಿಟ್ಟಿದಾರೆ. ವರ್ಷಕ್ಕೆ ಎರಡು ಲಕ್ಷ ಹತ್ತು ಸಾವಿರ.”

“ಅದೇ ಹೆಸರು ಕಣೇ! ಹೋದ ವರ್ಷ ಎಂಟುನೂರಿತ್ತು!”

“ಚಿಕ್ಕ ಪದ, ಎಲ್ರೂ ಕೇಳ್ತಾರೆ ಅಂತ. ಒಂದೊಂದು ಹೆಸ್ರಿಗೆ ಒಂದೊಂದು ರೇಟು.”

‘ಗಣಿತಮಿಸ್’, ‘ನಮ್ಮಗಣಿತ’ ಎಂಬ ಅಗ್ಗದ ಹೆಸರುಗಳನ್ನು ತೋರಿಸಿದಳು. ಅವು ಸೀನುವಿಗೆ ಗೊತ್ತಿಲ್ಲವಲ್ಲ.

ಹಬ್ಬದ ಹಿಂದಿನ ದಿನ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೇವಂತಿಗೆ ರೇಟು ಏರಿಸುತ್ತಾರೆ, ಒಪ್ಪುತ್ತೇನೆ. ಹೂವನ್ನು ಯಾರೋ ಬೆಳೆಯಬೇಕು, ಸಂಜೆಗೆ ಬಾಡುತ್ತದೆ. ಈ ಹೆಸರಿಗೆ ಇವರು ಯಾವ ಗೊಬ್ಬರ ಹಾಕಿದ್ದರು? ಹೆಸರು ಹಂಚುವ ಸಂಸ್ಥೆ ಬೆಲೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದೆ ಎಂದು ಮೈತ್ರೇಯಿ ಹೇಳಿದ್ದೇ ತಡ, ಎಲ್ಲ ಹೆಸರಿಗೂ ಒಂದೇ ಬೆಲೆ ಇರಲಿ ಎಂದು ಮೂರು ಪುಟದ ಆಕ್ಷೇಪಣೆ ಬರೆದೆ. ಪಾರ್ಕಿಗೆ ವಾಕಿಂಗ್ ಬರುವ ಅರವತ್ತೆರಡು ಜನರಿಂದ ಸಹಿ ಹಾಕಿಸಿದೆ. ಅರ್ಧ ಜನ ನೀರಿನ ಬಿಲ್ಲಿನ ವಿಷಯ ಅಂದುಕೊಂಡೇ ಹಾಕಿದರು. ಮೂರನೇ ಪುಟದಲ್ಲಿ ನಾಚಿಕೆ ಬಿಟ್ಟು ಸೀನುವಿನ ಕಥೆಯನ್ನೂ ಬರೆದಿದ್ದೆ.

ಹಬ್ಬದ ಹಿಂದಿನ ದಿನ ಉತ್ತರ ಬಂತು. ನಿಮ್ಮ ಅಭಿಪ್ರಾಯವನ್ನು ದಾಖಲಿಸಿಕೊಂಡಿದ್ದೇವೆ, ಬೆಲೆಯಲ್ಲಿ ಬದಲಾವಣೆ ಇಲ್ಲ.

ಗೌರಿಯ ದಿನ ಪೂಜೆ ಮುಗಿಸಿದೆ. ಕೈ ಅಭ್ಯಾಸಬಲದಿಂದ ಫೋನಿನತ್ತ ಹೋಯಿತು. ತಡೆಯಲಾರದೆ ಮೈತ್ರೇಯಿಗೆ ಕರೆ ಮಾಡಿದೆ.

“ಈಗ ಯಾರಾದ್ರೂ ಆ ವಿಳಾಸಕ್ಕೆ ಬರೆದ್ರೆ ಏನಾಗತ್ತೆ?”

“ಅಂಥ ವಿಳಾಸಾನೇ ಇಲ್ಲ ಅಂತ ಆ ಕ್ಷಣವೇ ಬರೆದವ್ರಿಗೇ ವಾಪಸ್ ಹೋಗತ್ತೆ ಮಿಸ್.”

ಹನ್ನೊಂದು ವರ್ಷದಲ್ಲಿ ನನ್ನ ಕಡೆಯಿಂದ ಒಂದು ಉತ್ತರವೂ ಅವನನ್ನು ಮುಟ್ಟಿರಲಿಲ್ಲ. ಇವತ್ತು ಇದೊಂದು ಮುಟ್ಟಿರುತ್ತದೆ. ಸೀನು, ಅದನ್ನು ಬರೆದವಳು ನಾನಲ್ಲ ಕಣೋ.