ಮೊದಲು ತಿನ್ನು, ಆಮೇಲೆ ಕಡಿ

ಪೀಚಿಗೆ ಮೂರು ವರ್ಷ, ಪರ್ಸಿಮನ್‌ಗೆ ಎಂಟು, ನಿಂಬೆ ಜಾತಿಯ ದಡ್ಡ ಯೂಜುವಿಗೆ ಹದಿನೆಂಟು. ಬೀಜ ಊರಿದವನು ಹಣ್ಣಿಗೆ ಅಷ್ಟು ಕಾಯಬೇಕು ಎನ್ನುತ್ತದೆ ನಮ್ಮ ಗಾದೆ. ಜಪಾನಿನ ಕೋಚಿಯ ಈ ಬೆಟ್ಟದಲ್ಲಿ, ನಾನು ಹುಟ್ಟಿದ ವರ್ಷ ತಾತ ಊರಿದ ಬೀಜ ಗಾದೆಯನ್ನೂ ಮೀರಿಸಿತು. ಇಪ್ಪತ್ತು ವರ್ಷ ಬರೀ ಮುಳ್ಳು ಬಿಟ್ಟಿತು. ಹದಿನಾರಕ್ಕೇ ಶಾಲೆ ಬಿಟ್ಟ ನನಗೂ ಆ ಮರಕ್ಕೂ ಚಿಕ್ಕಪ್ಪ ಮಸಾಹಾರು ಇಟ್ಟ ಹೆಸರು ಒಂದೇ: ದಡ್ಡ ಯೂಜು.

ಇಪ್ಪತ್ತೊಂದನೆಯ ಚಳಿಗಾಲದ ಬಾಗಿಲಲ್ಲಿ ಮರ ಮೊದಲ ಸಲ ಹಣ್ಣು ಬಿಟ್ಟು ಹಳದಿಯಾಯಿತು. ಅದೇ ವಾರ ಚಿಕ್ಕಪ್ಪ ಅದನ್ನು ಕಡಿಯಲು ದಿನ ಗೊತ್ತು ಮಾಡಿದ.

"ಈ ಜಾಗಕ್ಕೂ ಕಸಿ ಗಿಡ ಹಾಕಿದ್ರೆ ನಾಕೇ ವರ್ಷಕ್ಕೆ ಹಣ್ಣು ಕಣೋ. ಏಣಿನೂ ಬೇಡ."

"ಈಗ ಬಿಟ್ಟಿದೆಯಲ್ಲ ಚಿಕ್ಕಪ್ಪ!"

"ಬಿಟ್ರೆ ಏನೀಗ? ಯೂಜು ಅಂದ್ರೆ ಯೂಜು."

"ತಿಂದು ಹೇಳು ಆ ಮಾತು."

"ಸರಿ. ನಾಳೆ ಕೊಯ್ಲಿನ ಊಟಕ್ಕೆ ಎರಡು ತಟ್ಟೆ ಸುಶಿ ಇಡು, ಒಂದಕ್ಕೆ ಕಸಿ ಹಣ್ಣಿನ ರಸ, ಒಂದಕ್ಕೆ ನಿನ್ನ ಮರದ್ದು. ಕಣ್ಮುಚ್ಕೊಂಡು ತಿಂತೀನಿ. ನಿನ್ನ ಮರದ್ದು ಗೆದ್ರೆ ಉಳೀತು."

ನಮ್ಮಲ್ಲಿ ಸುಶಿಯ ಅನ್ನಕ್ಕೆ ಸೀಸೆಯ ವಿನೆಗರ್ ಸುರಿಯುವುದಿಲ್ಲ, ಯೂಜು ರಸವೇ ಬೀಳಬೇಕು. ಹೋಳಿನ ಸಿಪ್ಪೆ ಕೆಳಮುಖವಾಗಿರಬೇಕು, ಆಗ ಸಿಪ್ಪೆಯ ಎಣ್ಣೆಯೂ ರಸದ ಜೊತೆ ಇಳಿಯುತ್ತದೆ. ಹಗುರವಾಗಿ ಒತ್ತಬೇಕು, ಹೆಚ್ಚಾದರೆ ಕಹಿ ಇಳಿಯುತ್ತದೆ. ಕಸಿ ಹಣ್ಣನ್ನು ಅಜ್ಜಿ ಹಿಂಡಿದಳು, ನನ್ನ ಮರದ್ದನ್ನು ನಾನು. ಒಂದೊಂದು ಹೋಳೂ ಚಿಕ್ಕಪ್ಪನ ಕುತ್ತಿಗೆಯಂತೆ ಕಂಡಿತು. ಸಿಪ್ಪೆಯೊಳಗಿನ ಬಿಳಿ ತಿರುಳು ನುಜ್ಜಾಗುವವರೆಗೆ ಹಿಸುಕಿದೆ.

ಮಧ್ಯಾಹ್ನ, ನೆರೆಹೊರೆಯವರೆಲ್ಲ ಕೂತಿದ್ದಾಗ, ಚಿಕ್ಕಪ್ಪ ಕಣ್ಮುಚ್ಚಿಕೊಂಡು ಅಜ್ಜಿಯ ತಟ್ಟೆಯದನ್ನು ನುಂಗಿದ, ನನ್ನ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟು ಅಂಗೈಗೆ ಉಗಿದ.

"ಥೂ! ಇದೇನು ಸುಶಿಯೋ, ಕಷಾಯವೋ?"

ಮನೆಯೆಲ್ಲ ನಕ್ಕಿತು. ಅಜ್ಜಿ ಮಾತ್ರ ಒಂದು ತುತ್ತು ಪೂರ್ತಿ ಅಗಿದು ನುಂಗಿದಳು.

"ಮರದ ತಪ್ಪಲ್ಲ ಇದು. ಇವನು ಹಣ್ಣು ಹಿಂಡಿಲ್ಲ, ಹಣ್ಣಿನ ಜೊತೆ ಜಗಳ ಆಡಿದಾನೆ."

ನಾಚಿಕೆಯಾಯಿತು. ಆದರೆ ತಲೆ ತಗ್ಗಿಸಿ ಕೂರುವ ಜಾತಿ ನನ್ನದಲ್ಲ. ಬುಟ್ಟಿ ಹಿಡಿದು ತೋಟಕ್ಕೆ ನಡೆದೆ. ಮುಳ್ಳು ತೋಳನ್ನು ಗೀರಿತು, ಲೆಕ್ಕಿಸಲಿಲ್ಲ. ಆರು ಹಣ್ಣು ತಂದು ಎಲ್ಲರ ಎದುರಿಗೇ ಕೂತು, ಎರಡೇ ಬೆರಳಲ್ಲಿ ಹಿಂಡಿದೆ. ಬಿಸಿ ಅನ್ನಕ್ಕೆ ರಸ ತಾಗಿದ್ದೇ ತಡ, ನಗುತ್ತಿದ್ದವರ ಮೂಗುಗಳು ನನ್ನತ್ತ ತಿರುಗಿದವು. ಕಳಲೆ, ಅಣಬೆ, ಬಂಗುಡೆ ಹೊದಿಸಿ ತಟ್ಟೆ ಸಾಗಿಸಿದೆ.

ಪಕ್ಕದ ಮನೆಯ ಓತೋಯೆ ಮುದುಕಿ ಮೂರು ತುತ್ತು ನುಂಗಿ, ನಾನು ಹಿಂಡಿ ಬಿಟ್ಟ ಸಿಪ್ಪೆಯನ್ನು ತನ್ನ ಸಾರಾಯಿಗೆ ಹಾಕಿಕೊಂಡು ಒಂದು ಗುಟುಕು ಎಳೆದಳು.

"ಲೋ ಮಸಾಹಾರು, ಈ ಮರ ಕಡೀತೀಯಾ? ಮೊದ್ಲು ನಿನ್ನ ನಾಲಿಗೆ ಕಡ್ಕೊಳ್ಳೋ!"

ತಟ್ಟೆ ಚಿಕ್ಕಪ್ಪನ ಮುಂದೆ ಬಂತು. ಅವನು ಅದನ್ನು ದೂರ ತಳ್ಳಿದ.

"ಪಂದ್ಯ ಒಂದೇ ಸಲ. ಮುಗೀತು. ನಾಳೆ ಕಡಿಯೋದೇ."

ತಿನ್ನಲಿಲ್ಲ. ಮೂಸಿಯೂ ನೋಡಲಿಲ್ಲ. ಅವನು ಹೆದರಿದ್ದಾನೆಂದು ನನಗೆ ಆಗ ತಿಳಿಯಿತು. ನಮ್ಮ ಬೆಟ್ಟದಲ್ಲಿ ಹಿಡಿದ ಮೀನಿನ ಬಗ್ಗೆ ಎಷ್ಟಾದರೂ ಸುಳ್ಳು ಹೇಳಬಹುದು, ಯೂಜು ರುಚಿಯ ಬಗ್ಗೆ ಯಾರೂ ಹೇಳುವುದಿಲ್ಲ. ಚಿಕ್ಕಪ್ಪನೂ ಹೇಳಲಾರ, ತಿಂದರೆ ಸೋಲು ಒಪ್ಪಲೇಬೇಕು.

ಮರುದಿನ ಬೆಳಿಗ್ಗೆ ಅವನು ಮೋಟಾರು ಗರಗಸ ತಂದ. ನಾನು ತಟ್ಟೆ ತಂದೆ. ಮರಕ್ಕೆ ಬೆನ್ನು ಕೊಟ್ಟು ನಿಂತೆ. ಮುಳ್ಳು ಅಂಗಿಯನ್ನು ದಾಟಿ ಚುಚ್ಚುತ್ತಿತ್ತು.

"ಸರಿಯೋ ಪಕ್ಕಕ್ಕೆ."

"ಸರಿಯೋದಿಲ್ಲ. ಮೊದಲು ತಿನ್ನು, ಆಮೇಲೆ ಕಡಿ. ಒಂದೇ ತುತ್ತು. ರುಚಿ ಇಲ್ಲ ಅಂತ ಬಾಯಿಬಿಟ್ಟು ಹೇಳು, ಗರಗಸ ನಾನೇ ಹಿಡೀತೀನಿ."

ಅನ್ನದಿಂದ ಹಬೆ ಏಳುತ್ತಿತ್ತು. ಚಿಕ್ಕಪ್ಪನ ಮೂಗಿನ ಹೊಳ್ಳೆ ಅರಳಿತು, ಬಾಯಲ್ಲೂರಿದ ನೀರನ್ನು ನುಂಗಿಕೊಂಡ. ತಟ್ಟೆಗೆ ಕೈ ಹಾಕದೆ ಗರಗಸವನ್ನು ಅಲ್ಲಾಡಿಸಿ ನೋಡಿದ.

"ಇದರಲ್ಲಿ ಎಣ್ಣೆ ಕಮ್ಮಿ ಇದೆ. ನಾಳೆ ಬರ್ತೀನಿ."

"ಬಾ ಚಿಕ್ಕಪ್ಪ," ಎಂದೆ. "ಮರದಲ್ಲಿ ಇನ್ನೂ ಹಣ್ಣಿದೆ. ನಾಳೆನೂ ಅನ್ನ ಬೇಯಿಸ್ತೀನಿ."