ಕೂದಲೆಳೆಯಷ್ಟು ದೊಡ್ಡ ಫೋಟೊ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕವಾಗದ ಯಂತ್ರದ ಭಾಗ ಈ ಭೂಮಿಯ ಮೇಲೆ ಇಲ್ಲ. ಚಂದ್ರನ ಮೇಲೆ ಒಂದೆರಡು ಇದ್ದಾವು. ಅವುಗಳದ್ದೂ ಆರ್ಡರು ಬಂದಿತ್ತಂತೆ, ಸಾಗಣೆ ಖರ್ಚು ಹೊಂದದೆ ಬಿಟ್ಟರು. ಅಂಥ ಉದ್ಯಮಬಾಗದಲ್ಲಿ ಅಚ್ಚಿನ ಮಿಸ್ತ್ರಿ ಎಂದರೆ ಯಲ್ಲೇಶ ಬಡಿಗೇರ. ಲೋಹ ಕರಗಿಸಿ ಹೊಯ್ಯುವ ಮೊದಲು ಅದೇ ಆಕಾರವನ್ನು ಕಟ್ಟಿಗೆಯಲ್ಲಿ ಮಾಡಿ ಮರಳಿನಲ್ಲಿ ಒತ್ತಬೇಕಲ್ಲ, ಆ ಕಟ್ಟಿಗೆಯ ಅಚ್ಚು ಅವನ ಕಸುಬು. ಅವನು ಉಳಿ ಹಿಡಿದರೆ ಸಾಗವಾನಿ ತಾನೇ ನಾಚಿ ಹಿಂದೆ ಸರಿಯುತ್ತದೆ. ಇರುವೆಯ ಮೊಣಕಾಲಿಗೊಂದು ಬಿಜಾಗರಿ ಮಾಡಿಕೊಡು ಅಂದರೆ, ಎಡಗಾಲೋ ಬಲಗಾಲೋ ಎಂದು ಕೇಳುವ ಆಸಾಮಿ.

ಜರ್ಮನಿಯ ಒಂದು ಫೌಂಡ್ರಿಯವರು ಅವನ ಕೈಕೆಲಸವನ್ನು ವಿಡಿಯೊದಲ್ಲಿ ನೋಡಿ ನೌಕರಿ ಕೊಟ್ಟರು. ಯಲ್ಲೇಶನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಧೈರ್ಯ ಬಂತು. ಆ ಧೈರ್ಯದಲ್ಲಿ ಖಾನಾಪುರದ ಬಸ್ಸು ಹತ್ತಿ, ಹೆಂಚಿನ ಭಟ್ಟಿಯ ಬಾಳಪ್ಪನ ಮುಂದೆ ನಿಂತು, ಮೇಘಾಳನ್ನು ಮದುವೆ ಮಾಡಿಕೊಡಿ ಎಂದು ಕೇಳಿಬಿಟ್ಟ. ಮೇಘಾ ಬಾಳಪ್ಪನ ಒಬ್ಬಳೇ ಮಗಳು. ಬೆಳಗಾವಿಯ ರವಿವಾರ ಪೇಟೆಯ ಸಗಟು ಅಂಗಡಿಯೊಂದರಲ್ಲಿ ಕೆಲಸ. ಇವರಿಬ್ಬರ ಸುದ್ದಿ ಖಾನಾಪುರದ ಎಮ್ಮೆಗಳಿಗೂ ಗೊತ್ತಿತ್ತು. ಬಾಳಪ್ಪ ಮಾತ್ರ ತನಗೆ ಗೊತ್ತಿಲ್ಲವೆಂದು ನಟಿಸುತ್ತಿದ್ದ.

“ಕುಂದರಪಾ,” ಎಂದ ಬಾಳಪ್ಪ. “ನೌಕರಿ ಸಿಕ್ಕೈತಿ, ಖರೇ. ವೀಸಾ?”

“ಅರ್ಜಿ ಹಾಕಾಂವ ಅದೀನ್ರಿ, ಮಾವಾರ.”

“ಮಾವ ಅನ್ನೂದು ಈಗ ಬ್ಯಾಡ. ನಮ್ಮ ನಾಗಲಿಂಗನ ಹಕೀಕತ್ತು ಗೊತ್ತಿಲ್ಲೇನು?”

ಗೊತ್ತಿಲ್ಲದೆ ಏನು. ಬಾಳಪ್ಪನ ತಮ್ಮನ ಮಗಳನ್ನು ಮಾಡಿಕೊಳ್ಳಬೇಕಿದ್ದ ನಾಗಲಿಂಗ ಹಿಂದೊಮ್ಮೆ ಅರ್ಜಿ ಹಾಕಿದಾಗ ಮೀಸೆ ಕಪ್ಪಗಿತ್ತು. ಕಾಗದಗಳು ಕಚೇರಿಯಿಂದ ಕಚೇರಿಗೆ ತೀರ್ಥಯಾತ್ರೆ ಮಾಡಿ ಬರುವಷ್ಟರಲ್ಲಿ ಅದು ಬೆಳ್ಳಗಾಗಿ, ವಿಮಾನ ನಿಲ್ದಾಣದವರು “ಮಗನ ಪಾಸ್‌ಪೋರ್ಟು ನೀವ್ಯಾಕೆ ತಂದಿರಿ” ಎಂದು ಕೇಳಿದರಂತೆ. ಹುಡುಗಿ ಅಷ್ಟೊತ್ತಿಗೆ ಬೇರೆಯವನನ್ನು ಕಟ್ಟಿಕೊಂಡು ಎರಡು ಮಕ್ಕಳ ತಾಯಿಯಾಗಿದ್ದಳು.

“ಈಗ ಹಂಗಿಲ್ಲರಿ,” ಎಂದ ಯಲ್ಲೇಶ. “ನಮ್ಮಂಥ ಕಸುಬಿನವರ ಕಾಗದ ಎಲ್ಲಾ ಮುಂಬೈದಾಗ ಒಂದ ಕಡೆ ನೋಡ್ತಾರ. ಆಫೀಸಿಂದ ಆಫೀಸಿಗೆ ತಿರಗೂದು ಬಂದ್ ಆಗೇತಿ. ಲಗೂ ಬರತೈತಿ.”

“ಲಗೂ ಆಗೂ ಆಫೀಸು ನಾ ಇನ್ನೂ ನೋಡಿಲ್ಲ.” ಬಾಳಪ್ಪ ಭಟ್ಟಿಯ ಕಡೆ ಕೈ ತೋರಿಸಿದ. ಆಳುಗಳು ಒಣಗಿದ ಹೆಂಚುಗಳನ್ನು ಒಳಗೆ ಜೋಡಿಸುತ್ತಿದ್ದರು. “ಇವತ್ತ ತುಂಬಾಕ ಹತ್ತೀವಿ. ಇಟ್ಟಂಗಿಲೆ ಬಾಗಲಾ ಕಟ್ಟಿ, ಬೆಂಕಿ ಕೊಟ್ಟು, ತಣ್ಣಗಾದ ಮ್ಯಾಲ ಒಡೀತೀವಿ. ಆ ಬಾಗಲಾ ಒಡಿಯೂದ್ರಾಗ ವೀಸಾ ತೊಗೊಂಡು ಬಾ, ಮಗಳು ನಿನ್ನಾಕಿ. ಇಲ್ಲಂದ್ರ ರಾಮತೀರ್ಥ ನಗರದಾಗ ಒಬ್ಬ ವರ ಅದಾನ, ಅವರ ಮನಿಯವರಿಗೆ ಹೂಂ ಅಂತೀನಿ. ಕಾಯ್ಕೋತ ಕುಂತ ಮಗಳನ್ನ ನಮ್ಮ ಮನ್ಯಾಗ ಒಮ್ಮಿ ನೋಡೀವಿ, ಸಾಕು.”

ಯಲ್ಲೇಶ ಒಪ್ಪಿಕೊಂಡ. ಆ ಭಟ್ಟಿ ಎಷ್ಟು ದೊಡ್ಡದೆಂದರೆ, ಹೆಂಚು ಜೋಡಿಸಲು ಒಳಗೆ ಹೋದವರು ಊಟಕ್ಕೆ ಹೊರಬೀಳುವಾಗ ದಾರಿ ಕೇಳಿಕೊಂಡು ಬರುತ್ತಾರೆ. ವೇಳೆ ಬೇಕಾದಷ್ಟಿತ್ತು.

ಬೆಳಗಾವಿಗೆ ಬಂದವನೇ ಫೋಟೊ ತೆಗೆಸಿದ. ಸ್ಟುಡಿಯೋದವನು ಕತ್ತರಿ ಎತ್ತಿದಾಗ ಅವನ ಕೈ ಹಿಡಿದ.

“ಹಾಳಿ ಹಂಗ ಕೊಡು. ಅಳತಿ ನಾ ನೋಡ್ಕೋತೀನಿ.”

ವರ್ಕ್‌ಶಾಪಿನಲ್ಲಿ ತನ್ನದೇ ಸ್ಕೇಲಿಟ್ಟು, ಅಗಲ ಮೂವತ್ತೈದು, ಉದ್ದ ನಲವತ್ತೈದು ಮಿಲಿಮೀಟರು ಗೆರೆ ಹಾಕಿ, ಉಳಿಯಿಂದ ಕತ್ತರಿಸಿದ. ಅಂಚು ಅದೆಷ್ಟು ನೆಟ್ಟಗಿತ್ತೆಂದರೆ, ಅದರ ಮೇಲೆ ಕೂತ ಸೊಳ್ಳೆ ಎರಡು ಹೋಳಾಗಿ ಎರಡು ದಿಕ್ಕಿಗೆ ಹಾರಿತು.

ಮುಂಬೈಯವರು ನಿಜಕ್ಕೂ ತಡಮಾಡಲಿಲ್ಲ. ಉತ್ತರ ಹೇಗೆ ಬಂತೆಂದರೆ, ಅರ್ಜಿ ಇನ್ನೂ ದಾರಿಯಲ್ಲಿರುವಾಗಲೇ ಓದಿದಂತಿತ್ತು: ಕಾಗದಪತ್ರ ಎಲ್ಲ ಸರಿ, ಫೋಟೊ ಅಳತೆ ಹೆಚ್ಚಾಗಿದೆ, ಬೇರೆ ಕಳುಹಿಸಿ.

ಯಲ್ಲೇಶನ ಅಳತೆಗೆ ತಪ್ಪು ಅಂದವರು ಈವರೆಗೆ ಹುಟ್ಟಿರಲಿಲ್ಲ. ಉಳಿದ ಫೋಟೊಗಳಿಗೆ ಮತ್ತೆ ಸ್ಕೇಲಿಟ್ಟು ನೋಡಿದ. ಗೆರೆಗೆ ಗೆರೆ ಕೂತಿತ್ತು. ಹಟದಿಂದ ಅದರಲ್ಲೇ ಒಂದನ್ನು ಕಳಿಸಿದ. ಅದೂ ಅಷ್ಟೇ ಲಗುಬಗೆಯಿಂದ ತಿರುಗಿ ಬಂತು. ಅಷ್ಟರಲ್ಲಿ ಖಾನಾಪುರದಲ್ಲಿ ಭಟ್ಟಿಯ ಬೆಂಕಿ ಆರಿಸಿದ್ದರು.

ಊಟದ ಬಿಡುವಿನಲ್ಲಿ ಮೇಘಾ ವರ್ಕ್‌ಶಾಪಿಗೆ ಬಂದಳು. ಮುಖ ಇಳಿಬಿಟ್ಟು ಕೂತವನನ್ನು ನೋಡಿ, “ನಿನ್ನ ಸ್ಕೇಲ್ ಕೊಡಿಲ್ಲೆ” ಎಂದಳು. ತನ್ನ ಚೀಲದಿಂದ ಅಂಗಡಿಯ ಪ್ಲಾಸ್ಟಿಕ್ ಸ್ಕೇಲು ತೆಗೆದು ಅದರ ಬಾಜು ಇಟ್ಟಳು. ಸೊನ್ನೆಗೆ ಸೊನ್ನೆ ಕೂತಿತು. ನಲವತ್ತೈದರ ಹತ್ತಿರ ಬರುವಷ್ಟರಲ್ಲಿ ಅವನ ಗೆರೆ ಅವಳ ಗೆರೆಗಿಂತ ಕೂದಲೆಳೆಯಷ್ಟು ಮುಂದೆ ಹೋಗಿತ್ತು.

ಯಲ್ಲೇಶ ಹಣೆಗೆ ಕೈ ಹಚ್ಚಿದ. ಕರಗಿದ ಉಕ್ಕು ಆರುತ್ತ ಕುಗ್ಗುತ್ತದೆ. ಅದಕ್ಕೇ ಅಚ್ಚನ್ನು ತುಸು ದೊಡ್ಡದು ಮಾಡಬೇಕು. ಆ ತುಸುವನ್ನು ಮೊದಲೇ ಸೇರಿಸಿ ಗೆರೆ ಹಾಕಿದ ಸ್ಕೇಲು ಅಚ್ಚಿನ ಮಿಸ್ತ್ರಿಗಳದ್ದು. ಹದಿನೈದು ವರ್ಷದಿಂದ ಅವನು ಬೇರೆ ಸ್ಕೇಲು ಮುಟ್ಟಿರಲಿಲ್ಲ.

“ಆರಿದ ಮ್ಯಾಲ ನಿನ್ನ ಮಾರಿ ಕುಗ್ಗತೈತಿ ಅಂತ ಮಾಡಿದ್ದೇನು?” ಎಂದಳು ಮೇಘಾ.

“ನಿಮ್ಮಪ್ಪಗ ಹೇಳಬ್ಯಾಡ.”

“ಛೇ, ಹೇಳ್ತೀನೇನು,” ಎಂದಳು. ಅವತ್ತೇ ಸಂಜೆ ಹೇಳಿದಳು.

ಮೂರನೆಯ ಫೋಟೊವನ್ನು ಸ್ಟುಡಿಯೋದವನ ಕತ್ತರಿಯಿಂದಲೇ ಕತ್ತರಿಸಿದ್ದಾಯಿತು. ಅಂಚು ಸೊಟ್ಟಗಿತ್ತು. ಯಲ್ಲೇಶ ಕಣ್ಣು ಮುಚ್ಚಿಕೊಂಡು ಲಕೋಟೆಗೆ ಹಾಕಿದ. ಆಮೇಲೆ ದಿನಾ ಬೆಳಗ್ಗೆ ಮೇಘಾಳಿಗೆ ಫೋನು: “ಭಟ್ಟಿ ತಣ್ಣಗಾತೇನು?”

“ಅಪ್ಪ ಇನ್ನೂ ಬಿಸಿ ಐತಿ ಅಂತಾನ,” ಎನ್ನುತ್ತಿದ್ದಳು.

ವೀಸಾ ಅಂಟಿಸಿದ ಪಾಸ್‌ಪೋರ್ಟು ಕೈಗೆ ಬಂದ ದಿನ ಯಲ್ಲೇಶ ಬೈಕು ಓಡಿಸಿದ ಪರಿಗೆ ಖಾನಾಪುರದ ಮೈಲಿಗಲ್ಲುಗಳೇ ದಾರಿ ಬಿಟ್ಟು ನಿಂತವು. ಬಾಳಪ್ಪ ಭಟ್ಟಿಯ ನೆರಳಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ಮೇಘಾ ಅಲ್ಲೇ ನಿಂತಿದ್ದಳು. ಬಾಳಪ್ಪ ಕೈ ಒರೆಸಿಕೊಂಡು ಪಾಸ್‌ಪೋರ್ಟು ಇಸಿದುಕೊಂಡ, ಬಿಸಿಲಿಗೆ ಹಿಡಿದು ನೋಡಿದ.

“ಫೋಟೊ ಭಾಳ ಸಣ್ಣದೈತಲ್ಲಪಾ,” ಎಂದ.

ಯಲ್ಲೇಶ ಮೇಘಾಳನ್ನು ನೋಡಿದ. ಮೇಘಾ ಆಕಾಶ ನೋಡಿದಳು.

“ಬಾಗಲಾ ಒಡದಿಲ್ಲಲ್ರಿ?”

“ಎಲ್ಲಿ ಒಡೀಲಿ? ಒಳಗ ಇನ್ನೂ ನಿಗಿನಿಗಿ ಬೆಂಕಿ. ಕೈ ಇಟ್ಟು ನೋಡು, ಸುಡತೈತಿ.”

ಯಲ್ಲೇಶ ಬಾಗಿಲಿನ ಇಟ್ಟಂಗಿಯ ಮೇಲೆ ಅಂಗೈ ಇಟ್ಟ. ನೀರಿನ ಹರವಿಯಂತೆ ತಣ್ಣಗಿತ್ತು. ಮೇಲೆ ಜೇಡ ಬಲೆ ನೇಯ್ದು, ಸಂಸಾರ ಹೂಡಿ, ಮೊಮ್ಮಕ್ಕಳನ್ನೂ ಕಂಡಂತಿತ್ತು. ಹೆಂಚು ಒಯ್ಯಲು ಬಂದ ಟ್ರ್ಯಾಕ್ಟರು ಖಾಲಿ ನಿಂತಿತ್ತು. ಅದರಡಿ ಮಲಗಿದ್ದ ಡ್ರೈವರನಿಗೆ ಎದೆಯವರೆಗೆ ಗಡ್ಡ ಬಂದಿತ್ತು.

ಯಲ್ಲೇಶ ಅಂಗೈಗೆ ಉಫ್ ಎಂದು ಊದಿಕೊಂಡ. “ಭಾಳ ಸುಡತೈತ್ರಿ.”

“ಮತ್ತ?” ಎಂದ ಬಾಳಪ್ಪ. “ಹೆಂಚೂ ಸುಟ್ಟ ಮ್ಯಾಲ ಕುಗ್ಗತೈತಪಾ. ಅದರ ಅಚ್ಚು ನಾವೂ ತುಸು ದೊಡ್ಡದ ಮಾಡಿರತೀವಿ.” ಬಾಜು ಇದ್ದ ಹಾರೆ ಎತ್ತಿ ಅವನ ಕೈಗೆ ಕೊಟ್ಟ. “ಒಡಿ, ಅಳಿಯಾ.”

“ಸ್ವಲ್ಪ ತಡೀ ಅಪ್ಪಾ,” ಎಂದಳು ಮೇಘಾ. “ಮೊದಲ ಅಳತಿ ತೊಗೊಳ್ಳಲಿ.”